ಶರಣಪ್ಪ ಕಾಕಾರ ವಾಲ್ವಿನ ಕೆಂಪು ಗುರುತು

ಗೆಳೆಯರೇ, ಖುಷಿಪಡಬೇಕೋ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ!

ದುಬಲಗುಂಡಿಯ ಶರಣಪ್ಪ ಕಾಕಾ, ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಕೇಳುವ ಬಲ್ಬಿನಂಥ ಗಾಜಿನ ವಾಲ್ವ್‌ಗಳಿರುವ ತಮ್ಮ ಆಂಪ್ಲಿಫೈಯರನ್ನು ಧೋತರದಲ್ಲಿ ಸುತ್ತಿಕೊಂಡು ಇವತ್ತು ಹುಮನಾಬಾದಿನ ನನ್ನ ರಿಪೇರಿ ಅಂಗಡಿಗೆ ನುಗ್ಗಿದರು.

“ಬಸವಕಲ್ಯಾಣದ ನಮ್ಮ ಅಳಿಯ ಒಂದು ವಾರ ಒಯ್ದಿದ್ದ. ವಾಪಸ್ ಬಂದಾಗಿಂದ ಬರೇ ಕರಕರ ಅಂತದ. ನನ್ನ ವಿಲಾಯತಿ ವಾಲ್ವ್ ತಗೊಂಡು ಹಳೇದು ಹಾಕ್ಯಾನ. ಇಂಥಾ ಕಳ್ಳನ ಮನ್ಯಾಗ ನನ್ನ ಮಗಳು ಇರೋದೇ ಬ್ಯಾಡ!”

ನಾನು ಹೆಡ್‌ಫೋನ್ ಹಾಕಿಕೊಂಡು ವಾಲ್ವ್‌ಗಳನ್ನು ಪೆನ್ಸಿಲ್‌ನಿಂದ ಒಂದೊಂದಾಗಿ ತಟ್ಟಿದೆ. ಮೂರನೆಯದಕ್ಕೆ ಕಿವಿಯಲ್ಲಿ ಪಟಾಕಿ! ಸ್ವಿಚ್ ಆರಿಸಿ, ಕಿತ್ತು ನೋಡಿದರೆ ಸಾಕೆಟ್ಟಿಗೆ ಸಿಕ್ಕಿಸುವ ಅದರ ಪಿನ್ನಿನ ಕಾಲಿಗೆ ಕೆಂಪು ಬಣ್ಣ ಮೆತ್ತಿತ್ತು.

“ಇದೇನ್ರಿ ಕಾಕಾ?”

“ಎತ್ತಿನ ಕೋಡಿಗೆ ಹಚ್ಚೋ ಪೇಂಟು. ಕೊಡೋ ಮುಂಚೆ ನಾನೇ ಗುರುತು ಹಚ್ಚೀನಿ. ಗಾಜಿನ ಮ್ಯಾಲ ಹಚ್ಚಿದ್ರ ಒರಸಿಬಿಡ್ತಾನ, ಅದಕ್ಕ ಕಾಲಿಗೆ!”

“ಆ ಪೇಂಟೇ ಕರೆಂಟ್ ತಡಿಯಾಕತ್ತದ್ರಿ. ಗುರುತು ಇಲ್ಲೇ ಅದ, ಅಂದ್ರ ವಾಲ್ವೂ ನಿಮ್ಮದೇ. ಅಳಿಯಂದ್ರು ಏನೂ ಮಾಡಿಲ್ರಿ!”

ಬ್ಲೇಡಿನಿಂದ ಬಣ್ಣ ಕೆರೆದು ತೆಗೆದು, ವಾಲ್ವನ್ನು ಮತ್ತೆ ಸಿಕ್ಕಿಸಿ ರೆಕಾರ್ಡ್ ಹಚ್ಚಿದೆ. ಅಬ್ಬಾ! ತಬಲಾದ ಮೇಲೆ ಬೆರಳು ಬೀಳುವುದೂ ಕೇಳಿಸಿತು. ಕುಣಿಯುತ್ತಲೇ ಹೆಡ್‌ಫೋನನ್ನು ಕಾಕಾರ ಕಿವಿಗೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು, ತಲೆದೂಗಿದರು, ಆಮೇಲೆ ನನ್ನಿಂದ ವಾಲ್ವ್ ಕೀಳಿಸಿ ಅದರ ಕಾಲನ್ನೇ ದಿಟ್ಟಿಸಿದರು.

“ನಂದು ಇಷ್ಟು ಚಂದ ಎಂದೂ ಹಾಡಿಲ್ಲ. ಗುರುತೂ ಇಲ್ಲ. ಖರೇ ಹೇಳು, ನನ್ನ ವಾಲ್ವ್ ಎಲ್ಲಿಟ್ಟಿ?”

ಅಳಿಯ ಬಚಾವಾದ, ಗೆಳೆಯರೇ. ಕಳ್ಳನ ಜಾಗ ಮಾತ್ರ ಖಾಲಿ ಉಳಿಯಲಿಲ್ಲ.