ಹಾಳೆಯ ಮುಂಬದಿ

ಪ್ರಣಮ್ಯಾ ತೀರಿಕೊಂಡು ಐದು ತಿಂಗಳಾಯಿತು. ಡೆಂಗಿ ಜ್ವರ, ಒಂಬತ್ತೇ ದಿನ. ಆದರೂ ಅವಳ ಬಗ್ಗೆ ಬರೆಯಲು ಕೂತರೆ ನೆನಪಾಗುವುದು ಆಸ್ಪತ್ರೆಯಲ್ಲ, ಪೆರಂಬೂರಿನಲ್ಲಿ ಅವಳ ಮನೆಯವರು ನಡೆಸುವ ಹೋಟೆಲಿನ ಮಹಡಿಯಲ್ಲಿ ನಾವು ನಕ್ಕ ಒಂದು ಮಧ್ಯಾಹ್ನ.

ನಾವಿಬ್ಬರೂ ಚೆನ್ನೈಯಲ್ಲಿ ಇಕಾನಮೆಟ್ರಿಕ್ಸ್‌ನಲ್ಲಿ, ಅಂದರೆ ಅರ್ಥಶಾಸ್ತ್ರದ ಅಂಕಿಅಂಶಗಳ ಲೆಕ್ಕದಲ್ಲಿ, ಪಿಎಚ್‌.ಡಿ. ಮಾಡುತ್ತಿದ್ದೆವು. ಮೊದಲ ವರ್ಷದ ಪ್ರಮೇಯಗಳು ನನ್ನನ್ನು ಅಳಿಸಿದವು. ಅವಳಿಗೆ ಅವು ದೋಸೆಹಿಟ್ಟಿದ್ದ ಹಾಗೆ. ಒಂದು ರಾತ್ರಿ ಮುಚ್ಚಿಟ್ಟರೆ ತಾವೇ ಉಬ್ಬುತ್ತವೆ ಎನ್ನುತ್ತಿದ್ದಳು.

ಅವಳ ಪ್ರಬಂಧದ ಪ್ರಶ್ನೆ ಸರಳವಾಗಿತ್ತು: ಒಂದು ದಿನ ಹೋಟೆಲಿನ ಊಟ ತಪ್ಪಿಸಿದವರು ಮರುದಿನ ಮರಳುತ್ತಾರೋ, ಅಭ್ಯಾಸವೇ ತಪ್ಪಿಹೋಗುತ್ತದೋ? ಮಳೆ, ಜ್ವರದಂಥ ಕಾರಣಗಳು ಮರುದಿನವನ್ನೂ ಕೆಡಿಸುತ್ತವೆ. ಹೊರಗಿನಿಂದ ಬಂದು ಒಂದೇ ದಿನ ತಟ್ಟಿ ಹೋಗುವ ಕಾರಣ ಬೇಕಿತ್ತು. ಅವಳು ಏಕಾದಶಿಯನ್ನು ಹಿಡಿದಳು. ಉಪವಾಸದ ದಿನ ಗೊತ್ತುಮಾಡುವ ಚಂದ್ರನಿಗೆ ನಮ್ಮ ಸಾಂಬಾರಿನ ರುಚಿ ಗೊತ್ತಿಲ್ಲವಲ್ಲ ಎಂಬುದು ಅವಳ ವಾದ.

ಅವಳ ತಂದೆ ವಿಷ್ಣುಮೂರ್ತಿಯವರು ದಿನವೂ ಎಷ್ಟು ಊಟದ ಎಲೆ ಹಾಕಿದರೆಂದು ದಿನಕ್ಕೊಂದು ಹಾಳೆಯ ಗೋಡೆ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಅದರ ಹಿಂಬದಿಗೆ ತಾರೀಖಿನ ಜೊತೆ ಬರೆದು ತಂತಿಗೆ ಚುಚ್ಚುತ್ತಿದ್ದರು. ಹನ್ನೆರಡು ವರ್ಷದ ಹಾಳೆಗಳು. ಅವಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಉಪವಾಸದ ದಿನ ಎಲೆ ಕಡಿಮೆಯಾಗಲೇಬೇಕು. ಆದರೆ ಆದದ್ದು ಅಷ್ಟಕ್ಕಷ್ಟೆ. ಏಕಾದಶಿಗೂ ಎಲೆಗಳ ಸಂಖ್ಯೆಗೂ ಇರುವ ಸಂಬಂಧವೇ ದುರ್ಬಲವಾದರೆ ಮುಂದಿನ ಯಾವ ತೀರ್ಮಾನವೂ ನಿಲ್ಲದು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಈ ಅಧ್ಯಾಯ ಬಿಡಬೇಕು ಎಂದರು ಗೈಡ್. ಎರಡು ವರ್ಷದ ಕೆಲಸ.

ಬುಧವಾರ ಮಧ್ಯಾಹ್ನ ಹೋಟೆಲಿನ ಮಹಡಿಯಲ್ಲಿ ನಾವು ಹಾಳೆಗಳನ್ನು ಹರಡಿಕೊಂಡು ಮತ್ತೆ ತಾಳೆ ನೋಡುತ್ತಿದ್ದೆವು. ನಮ್ಮದು ಲಿಂಗಾಯತರ ಮನೆ. ಏಕಾದಶಿಯ ವಿಷಯದಲ್ಲಿ ನಾನು ಶುದ್ಧ ದಡ್ಡಿ. ಕಾಫಿ ತಂದ ಅವಳ ತಾಯಿ ಚಂದ್ರಮತಿಯಮ್ಮ ಒಂದು ಹಾಳೆ ಎತ್ತಿ ಮಗುಚಿದರು.

"ಏಕಾದಶಿ ಯಾವುದರಲ್ಲಿ ನೋಡಿದ್ದು ಮಗಾ?"

"ದೇವರ ಕೋಣೆಯ ಪಂಚಾಂಗದಲ್ಲಿ," ಎಂದಳು ಪ್ರಣಮ್ಯಾ.

"ಅದು ನಮ್ಮ ಮಠದ್ದು ಮಾರಾಯ್ತಿ. ಪೆರಂಬೂರಿನವರು ಅದನ್ನು ನೋಡಿ ಉಪವಾಸ ಮಾಡ್ತಾರಾ? ಅವರದ್ದು ಇದರಲ್ಲೇ ಉಂಟಲ್ಲ."

ಹಾಳೆಯ ಮುಂಬದಿಯಲ್ಲಿ ತಮಿಳಿನಲ್ಲಿ ಏಕಾದಶಿ ಎಂದು ಅಚ್ಚಾಗಿತ್ತು. ನಮ್ಮ ಪಟ್ಟಿಯಲ್ಲಿ ಅದು ಮರುದಿನ. ಎಲ್ಲ ಸಲ ಅಲ್ಲದಿದ್ದರೂ ಎಷ್ಟೋ ಸಲ ಎರಡಕ್ಕೂ ಒಂದು ದಿನದ ವ್ಯತ್ಯಾಸ. ಹಿಂಬದಿಯ ಸಂಖ್ಯೆ ಓದಿ ಓದಿ, ಮುಂಬದಿಯನ್ನು ನಾವು ನೋಡಿಯೇ ಇರಲಿಲ್ಲ.

"ಮುನ್ನಾಡಿಯೇ ಹೇಳ್ಬಾರ್ದಾ ಅಮ್ಮಾ, ಮೊದಲೇ?"

"ನೀನು ಚಂದ್ರನ ಸುದ್ದಿ ಹೇಳಿದ್ದು. ಯಾವ ಕ್ಯಾಲೆಂಡರ್ ಅಂತ ಕೇಳಿದ್ಯಾ?"

ಪ್ರಣಮ್ಯಾ ಹಾಳೆಗಳ ಮೇಲೆಯೇ ಬಿದ್ದು ನಕ್ಕಳು.

ಮುಂಬದಿಯ ಏಕಾದಶಿಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿದೆವು; ಶುಕ್ರವಾರದ ಹೊತ್ತಿಗೆ ಸಂಬಂಧ ಗಟ್ಟಿಯಾಗಿ ನಿಂತಿತು. ತನ್ನ ತಪ್ಪನ್ನೂ ಅವಳು ಬಿಡಲಿಲ್ಲ. ಜನ ಬೇರೆ ಬೇರೆ ಪಂಚಾಂಗ ನೋಡುವಾಗ ಇಂಥ ಲೆಕ್ಕ ಎಷ್ಟು ಹಾದಿ ತಪ್ಪುತ್ತದೆಂದು ಒಂದು ಪ್ರಮೇಯ ಬರೆದಳು. ಪರೀಕ್ಷಕರು ಮೆಚ್ಚಿದ್ದು ಅದನ್ನೇ. ಊಟ ತಪ್ಪಿಸಿದವರು ಮರುದಿನ ಮರಳುತ್ತಾರೆ ಎಂಬುದೂ ಸಾಬೀತಾಯಿತು.

ಪದವಿಪತ್ರ ಅವಳು ಹೋದ ಮೇಲೆ ಬಂತು. ಚಂದ್ರಮತಿಯಮ್ಮ ಅದನ್ನು ಗಲ್ಲಾದ ಹಿಂದೆ, ತಮಿಳು ಕ್ಯಾಲೆಂಡರಿಗೂ ದೇವರ ಕೋಣೆಯಿಂದ ತಂದಿಟ್ಟ ಮಠದ ಪಂಚಾಂಗಕ್ಕೂ ನಡುವೆ ತೂಗುಹಾಕಿದ್ದಾರೆ. ಕಳೆದ ವಾರ ನಾನು ಊಟಕ್ಕೆ ಹೋಗಿದ್ದೆ. ಜನ ಕರಗಿದ ಮೇಲೆ ವಿಷ್ಣುಮೂರ್ತಿಯವರು ಹಾಳೆ ಹರಿದು ಎಲೆಗಳ ಸಂಖ್ಯೆ ಬರೆದರು. ಆಮೇಲೆ ಅದನ್ನು ಮಗುಚಿ, ಮುಂಬದಿಯನ್ನೂ ಓದಿ, ತಂತಿಗೆ ಚುಚ್ಚಿದರು.