ನಿಲ್ಲಿಸಿಟ್ಟ ಬರೋಲೊ

ಇಟಲಿಯ ಬರೋಲೊ ಗುಡ್ಡಗಳ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಿದ್ದ ಅಣ್ಣ, ಕೊನೆಯ ಸಲ ಜಗಳೂರಿಗೆ ಬಂದಾಗ ಅಲ್ಲಿಯ ಕೆಂಪು ವೈನಿನ ಬಾಟಲಿಯೊಂದನ್ನು ತಂದಿದ್ದ. "ಈಗ ಬರೀ ಒಗರು. ವರ್ಷಗಟ್ಟಲೆ ಇಟ್ರೆ ರುಚಿ ಬರ್ತೈತೆ" ಅಂದಿದ್ದ. ಆ ರಜೆಯಲ್ಲೇ ತೀರಿಕೊಂಡ.

ಪ್ರತಿ ಮಹಾಲಯ ಅಮಾವಾಸ್ಯೆಗೆ ಅವ್ವ ಅವನ ಎಡೆಯ ಪಕ್ಕ ಆ ಬಾಟಲಿಯನ್ನು ಬಿರಡೆ ತೆಗೆಯದೆ ನಿಲ್ಲಿಸುತ್ತಾಳೆ. ಸತ್ತವನು ಉಣ್ಣಲೆಂದು ಬಾಗಿಲು ಮುಚ್ಚಿ ನಾವು ಹೊರಗೆ ಕೂರುತ್ತೇವೆ. ವರ್ಷದಿಂದ ವರ್ಷಕ್ಕೆ ವೈನು ಬಾಟಲಿಯ ಕತ್ತಿನಿಂದ ಕೆಳಗಿಳಿಯುತ್ತಿದೆ. "ಕುಡ್ದಾನೆ ನೋಡು" ಎನ್ನುತ್ತಾಳೆ ಅವ್ವ. ನಗಲು ನನಗೆ ಧೈರ್ಯವಾಗುವುದಿಲ್ಲ.

ಈ ಸಲ ಮಾತ್ರ ರೇಗಿಬಿಟ್ಟೆ. "ಹಿಂಗೆ ನಿಲ್ಲಿಸೇ ಇಟ್ರೆ ಬಿರಡೆ ಒಣಗಿ ವೈನು ಆರಿಹೋಗ್ತೈತವ್ವಾ. ಬಾಟಲಿ ಮಲಗಿಸಿಡು."

ಅವ್ವ ಅದನ್ನು ಸೆರಗಿನಿಂದ ಒರೆಸಿ, ಮತ್ತೆ ನೆಟ್ಟಗೆ ನಿಲ್ಲಿಸಿದಳು.

"ಅವನ್ನ ಮಲಗ್ಸಿದ್ದು ಸಾಲದಾ?"