ಹೊರಸು ಸರಿಸದ ಕಂಪ್ಯೂಟರ್

ನಮ್ಮ ಪಡಸಾಲೆಗೆ ಕಂಪ್ಯೂಟರ್ ಬರಬೇಕು ಎಂದು ಮೊದಲು ಹೇಳಿದವನು ನಾನಲ್ಲ, ನಮ್ಮ ಮಾವ, ಎಂದರೆ ಅಕ್ಕನ ಗಂಡ. ಬಾಗಲಕೋಟೆಯ ನವನಗರದಲ್ಲಿ ಮನೆ, ಕಾಲೇಜಿನಲ್ಲಿ ನೌಕರಿ. ತಾನು ಓದಿದವನು ಎಂಬುದನ್ನು ಊರಿಗೆಲ್ಲ ತಿಳಿಸಲು ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸುವ ಮನುಷ್ಯ. ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಇಳಕಲ್ಲಿನಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವನು. ಯಾರ ಮುಂದೆಯೂ ಕೈ ಚಾಚದೆ ಪವರ್‌ಲೂಮ್ ಹಾಕಿದೆ, ಮನೆ ಕಟ್ಟಿದೆ. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಾಗ ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿವಿ ತಂದೆ. ಅದನ್ನು ಕಂಡ ದಿನದಿಂದ ಅವನು ಅದರಲ್ಲಿ ಕೊರತೆ ಹುಡುಕತೊಡಗಿದ.

ಬರೀ ಕೇಬಲ್ ನೋಡಲು ಇಂಥ ಟಿವಿ ದಂಡ, ಇದಕ್ಕೊಂದು ಕಂಪ್ಯೂಟರ್ ಜೋಡಿಸಿದರೆ ಸಿನಿಮಾ, ವಚನ, ಮದುವೆಯ ಸಿಡಿ ಎಲ್ಲ ಒಂದೇ ಕಡೆ ಕೂತು ನೋಡಬಹುದು ಎಂದ. ವಿಚಾರ ಕೆಟ್ಟದ್ದಲ್ಲ. ಕೆಟ್ಟದ್ದು ಅವನು ಆರಿಸಿದ ಕಂಪ್ಯೂಟರ್. ಮೊಣಕಾಲೆತ್ತರದ ಕಪ್ಪು ಪೆಟ್ಟಿಗೆ, ಅದರ ಹೊಟ್ಟೆಯಲ್ಲಿ ನೀಲಿ ದೀಪ, ಸುತ್ತಲೂ ಸ್ಪೀಕರ್, ಅವುಗಳಲ್ಲೊಂದು ಜೋಳದ ಡಬ್ಬಿಯಷ್ಟು ದಪ್ಪ. ಇಷ್ಟೆಲ್ಲ ಇಡಲು ಒಂದು ಮೇಜು. ಮೇಜಿಗೆ ಜಾಗವನ್ನೂ ಅವನೇ ತೋರಿಸಿದ: ಬಾಗಿಲ ಪಕ್ಕದ ಕಿಡಕಿಯ ಕೆಳಗೆ, ಹುರಿ ಹೆಣೆದ ಮಂಚ, ಅಂದರೆ ಹೊರಸು, ಇದ್ದಲ್ಲಿ.

"ಈ ಹೊರಸು ಮೊದಲ ತಗಿ. ನಾ ಬಂದಾಗಷ್ಟ ಕುಂಡ್ರತೇನಿ, ಬ್ಯಾರೆ ಯಾರೂ ಇದರ ಮ್ಯಾಲ ಕುಂತದ್ದು ಒಂದ ದಿನಾನೂ ನೋಡಿಲ್ಲ."

ನೋಡುವುದಾದರೂ ಹೇಗೆ? ಅದು ನಮ್ಮ ಅವ್ವನ ಹೊರಸು. ಮಲಗುವುದು, ಏಳುವುದು, ಓಣಿಯಲ್ಲಿ ಹೋಗುವ ಬಳೆಗಾರ್ತಿಯನ್ನು ಕಿಡಕಿಯಿಂದಲೇ ನಿಲ್ಲಿಸಿ ಜಗಳ ಆಡುವುದು, ಎಲ್ಲ ಅಲ್ಲಿಂದಲೇ. ಆದರೆ ಅಳಿಯನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು, ಅಡುಗೆಮನೆಯ ಬಾಗಿಲಲ್ಲಿ ನೆಲಕ್ಕೆ ಕೂಡುತ್ತಿದ್ದಳು. ಅಳಿಯನ ಎದುರಿಗೆ ಮೇಲೆ ಕೂಡಬಾರದು ಎಂಬುದು ಅವಳ ಕಾಲದ ರೀತಿ. ಮೊಣಕಾಲು ಮಡಚದಂತಾದ ಮೇಲೂ ಬಿಡಲಿಲ್ಲ. ಅವನು ಹೋದ ಮೇಲೆ ನಾನೊಂದು ಕಡೆ, ನನ್ನ ಹೆಂಡತಿಯೊಂದು ಕಡೆ ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಅಕ್ಕನನ್ನು ಮದುವೆಯಾದಾಗಿನಿಂದ ಅವ್ವ ಬಿಟ್ಟೆದ್ದ ಬೆಚ್ಚನೆಯ ಜಾಗದಲ್ಲಿ ಕೂತು ಚಹಾ ಕುಡಿದವನಿಗೆ ಆ ಬಿಸಿ ಎಲ್ಲಿಂದ ಬಂತು ಎಂದು ಕೇಳಬೇಕು ಅನಿಸಲಿಲ್ಲ. ಕಾಲೇಜಿನಲ್ಲಿ ಹುಡುಗರಿಗೆ ಪಾಠ ಹೇಳುವ ತಲೆ ಅದು.

"ಅಳ್ಯಾರ ಮಾತು ತಗದ ಹಾಕಬ್ಯಾಡ," ಎಂದಳು ಅವ್ವ. "ನಾ ಒಳಗಿನ ಖೋಲ್ಯಾಗ ಮಲಕೋತೇನಿ."

ಒಳಗಿನ ಖೋಲಿಗೆ ಕಿಡಕಿ ಇರಲಿಲ್ಲ. ನೂಲಿನ ಗಂಟು ಇಡುವ ಕೋಣೆ ಅದು. ಒಂದು ಪೆಟ್ಟಿಗೆಯ ನೀಲಿ ದೀಪಕ್ಕಾಗಿ ನನ್ನ ತಾಯಿ ನೂಲಿನ ಗಂಟುಗಳ ನಡುವೆ ಮಲಗಬೇಕೆ?

ಒಬ್ಬನೇ ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಅಂಗಡಿಯವನು ನನ್ನ ಅಂಗಿಗೆ ಅಂಟಿದ ಅರಳೆಯ ಎಳೆ ನೋಡಿ, ಕಂಪ್ಯೂಟರ್ ಯಾರಿಗೆ ಎಂದು ಕೇಳಿದ. ನನಗೇ ಎಂದೆ. ನಂಬಲಿಲ್ಲ. ದೊಡ್ಡ ದೊಡ್ಡ ಪೆಟ್ಟಿಗೆಗಳ ಮುಂದೆ ನಿಲ್ಲಿಸಿ ಇಂಗ್ಲಿಷಿನಲ್ಲಿ ಅವುಗಳ ಗುಣಗಾನ ಮಾಡಿದ. ಕರೆಂಟು ಹೋದರೆ ಮನೆಯ ಇನ್ವರ್ಟರ್ ಮೇಲೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದ್ದಕ್ಕೆ ಇನ್ನೊಂದು ಪೆಟ್ಟಿಗೆಯ ಕಡೆ ಸರಿದ. ಟಿವಿಯ ಹಿಂದೆ ಕೂಡುವಂಥದ್ದು, ಸಪ್ಪಳ ಮಾಡದ್ದು ಬೇಕು, ಹಗಲೆಲ್ಲ ಮಗ್ಗದ ಗದ್ದಲ ಕೇಳಿದವನಿಗೆ ಮನೆಯಲ್ಲೂ ಮೋಟರ್ ಬೇಡ ಎಂದೆ. ಆಗ ಗದ್ದ ಎತ್ತಿ ಮೇಲಿನ ಫಳಿಯನ್ನು ತೋರಿಸಿದ. ಅಲ್ಲಿ ಊಟದ ಡಬ್ಬಿಯಷ್ಟು ಸಣ್ಣ ಕಂಪ್ಯೂಟರ್ ಧೂಳು ತಿನ್ನುತ್ತ ಕೂತಿತ್ತು.

"ಇದನ್ನ ಯಾರೂ ಒಯ್ಯೂದಿಲ್ರಿ. ಕೊಟ್ಟ ರೊಕ್ಕಕ್ಕ ತಕ್ಕಂಗ ಕಾಣೂದಿಲ್ಲ."

ಓದಿದವರು ಕಂಪ್ಯೂಟರನ್ನು ಕುಂಬಳಕಾಯಿಯ ಹಾಗೆ ಗಾತ್ರ ನೋಡಿ ಒಯ್ಯುತ್ತಾರೆ ಎಂದು ಅವತ್ತು ತಿಳಿಯಿತು. ಚಾಲು ಮಾಡಿಸಿ ಕಿವಿ ಹಚ್ಚಿದೆ. ಅಂಗಡಿಯ ಫ್ಯಾನಿನ ಸಪ್ಪಳವೇ ಅದಕ್ಕಿಂತ ಜೋರು. ಹೊಸ ಸಿನಿಮಾದ ಚಿತ್ರ ಭಾಳ ಸ್ವಚ್ಛ ಇದ್ದರೆ ಇದು ತಡವರಿಸುತ್ತದೆ ಎಂದು ಅವನು ಎಚ್ಚರಿಸಿದ. ನಾಯಕನ ಮೀಸೆಯ ಕೂದಲು ಎಣಿಸುವವರು ನಮ್ಮ ಮನೆಯಲ್ಲಿಲ್ಲ ಎಂದು ಹೇಳಿ, ರಿಮೋಟಿನ ಸಮೇತ ಕಟ್ಟಿಸಿಕೊಂಡು ಬಂದೆ.

ಟಿವಿಯ ಹಿಂದೆ ತಿರುಪು ಹಾಕಿ ಕೂಡಿಸಿದೆ. ಹೊರಸು ಒಂದು ಬೆರಳೂ ಸರಿಯಲಿಲ್ಲ. ಅಕ್ಕನ ಮದುವೆಯ ಹಳೆಯ ಕ್ಯಾಸೆಟ್ ಸ್ಟುಡಿಯೋದಲ್ಲಿ ಸಿಡಿಯಾಗಿತ್ತು. ಅದನ್ನೂ ಕಂಪ್ಯೂಟರಿನೊಳಗೆ ತುಂಬಿಸಿದೆ. ಅವ್ವನಿಗೆ ರಿಮೋಟಿನ ಒಂದು ಗುಂಡಿ ತೋರಿಸಿಕೊಟ್ಟೆ. ಆಮೇಲೆ ಹೇಳಿದೆ, "ನೀ ಎದ್ದು ಹೋದ್ರ ಮಾವ ಮತ್ತ ಹೊರಸು ಖಾಲಿ ಐತಿ ಅಂತಾನವ್ವಾ." ಅವಳು ಆ ಗುಂಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು.

ಮುಂದಿನ ರವಿವಾರ ಅಕ್ಕನೂ ಅವನೂ ಬಂದರು. ಅವ್ವ ಹೊರಸಿನ ಮೇಲೆ ಕೂತು ಅವರ ಮದುವೆಯನ್ನೇ ನೋಡುತ್ತಿದ್ದಳು. ಚಪ್ಪಲಿ ಬಿಡುವ ಸಪ್ಪಳಕ್ಕೆ ಅವಳ ಕೈ ಸೆರಗಿಗೆ ಹೋಯಿತು, ಕಾಲು ನೆಲ ಮುಟ್ಟಿದವು. ಅಷ್ಟಕ್ಕೇ ಬಿಟ್ಟಳು, ಏಳಲಿಲ್ಲ. ಅವನು ಒಳಗೆ ಬಂದವನೇ ರೂಢಿಯಂತೆ ಹೊರಸಿನ ಕಡೆ ತಿರುಗಿದ, ಅಲ್ಲಿ ಅತ್ತೆಯನ್ನು ಕಂಡು ಯಾರೋ ಬೇರೆಯವರ ಮನೆ ಹೊಕ್ಕವನ ಹಾಗೆ ನಿಂತುಬಿಟ್ಟ.

ಅವ್ವ ಅವನ ಮುಖ ನೋಡಲಿಲ್ಲ. ಟಿವಿಯ ಕಡೆ ನೋಡುತ್ತಲೇ ಹೇಳಿದಳು, "ಅಲ್ಲಿ ಕುರ್ಚಿ ಐತಿ, ಕುಂದರ್ರಿ ಅಳ್ಯಾರ. ನನಗ ಏಳಾಕ ಆಗೂದಿಲ್ಲ."

ಅವನು ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಯಾವುದೋ ಹೊಸ ಸಿನಿಮಾ ಹಾಕಿಸಿದ. ಅದು ತಡವರಿಸಿತು. ದೊಡ್ಡದು ತರಬೇಕಿತ್ತು, ನಾನು ಹೇಳಿರಲಿಲ್ಲವೇ ಎಂದ. ಹೌದು ಮಾವಾರ ಎಂದೆ. ಅವ್ವ ರಿಮೋಟಿನ ಗುಂಡಿ ಒತ್ತಿ ಮತ್ತೆ ಮದುವೆಯನ್ನೇ ಹಚ್ಚಿದಳು. ಚಹಾ ಬಂತು. ನನ್ನ ಹೆಂಡತಿ ಮೊದಲು ಹೊರಸಿನ ಕಡೆ ಹೋಗಿ ಕಪ್ಪು-ಬಸಿ ಇಟ್ಟಳು, ಆಮೇಲೆ ಕುರ್ಚಿಯ ಕಡೆ ತಿರುಗಿದಳು.